ನಿಧಾನ ನಡೆಯುವವರು ಮುಂದೆ

“ಕತ್ತೆ ಕೂಡ ಇದನ್ನ ಹೊರೋಕೆ ಒಪ್ಪಲ್ಲ ಕಣ್ರೀ! ತೆಗೀರಿ ಆಚೆ ಆ ಸ್ಪ್ಯಾನರು!”

“ತೆಗಿಯಲ್ಲ.”

“ಬೆಟ್ಟದ ಮೇಲೆ ಯಾವ ನಟ್ಟು ಬಿಗಿಯೋಕೆ ಹೋಗ್ತೀರಿ? ಬೆಟ್ಟ ಏನು ಸಡಿಲ ಆಗಿದ್ಯಾ?”

“ಸಡಿಲ ಆಗಿರೋದು ನಿನ್ನ ನಾಲಿಗೆ. ಅದಕ್ಕೇ ಇಟ್ಕೊಂಡಿದೀನಿ.”

ನನ್ನ ತಂಗಿ ಸ್ಪ್ಯಾನರನ್ನು ಎತ್ತಿ ಧಡ್ ಎಂದು ಮೇಜಿನ ಮೇಲೆ ಕುಕ್ಕಿದಳು. ಅದು ನಾನು ಬಟ್ಟೆ ಕತ್ತರಿಸುವ ಮೇಜು. ಅದರ ಮೇಲೆ ಗುರುತು ಹಾಕಿಟ್ಟ ಟಾರ್ಪಾಲು ಇತ್ತು.

“ಏಯ್! ಗಂಡ ಹೆಂಡತಿ ಜಗಳ ಆಡೋಕೆ ನನ್ನ ಮೇಜೇ ಬೇಕಿತ್ತಾ? ಹೊರಗಡೆ ಬೀದಿ ಇದೆ, ಹೋಗಿ ಬಡಿದಾಡ್ಕೊಳ್ಳಿ!” ಎಂದು ನಾನೂ ಕಿರುಚಿದೆ. ನಮ್ಮ ಮನೆತನದಲ್ಲಿ ಎಲ್ಲರಿಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ತಂಗಿಯ ಗಂಡ, ನಮ್ಮ ಭಾವ, ಒಬ್ಬರೇ ತಣ್ಣಗಿನ ಮನುಷ್ಯ. ಅವರು ಸ್ಪ್ಯಾನರನ್ನು ಎತ್ತಿಕೊಂಡು ತೋಳಿನಲ್ಲಿ ಒರೆಸಿ ಮತ್ತೆ ಬ್ಯಾಗಿಗೆ ಸೇರಿಸಿದರು.

ಅವರಿಬ್ಬರೂ ಬಂದಿದ್ದದ್ದು ನನ್ನಿಂದ ಸಲಹೆ ಕೇಳಲು. ನನ್ನದು ಟಾರ್ಪಾಲು, ಬ್ಯಾಗು, ಗುಡಾರ ಹೊಲಿಯುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಪ್ರಾಯದಲ್ಲಿ ನಾನು ಉದ್ದದ ದಾರಿಯನ್ನು ಪೂರ್ತಿ ನಡೆದಿದ್ದೆ. ಉದ್ದದ ದಾರಿ ಎಂದರೆ ನಮ್ಮ ಊರಾಚೆಯ ಮರದ ಸೇತುವೆಯಿಂದ ಶುರುವಾಗಿ, ಬೆಟ್ಟಗಳ ನೆತ್ತಿಯ ಮೇಲೇ ಹೋಗಿ, ಆ ಕಡೆ ಸಮುದ್ರದ ದಡದಲ್ಲಿ ಮುಗಿಯುವ ಕಾಲುದಾರಿ. ಬಿಡದೆ ನಡೆದರೆ ಮೂರು ತಿಂಗಳು ಬೇಕು. ಊರಲ್ಲಿ ಯಾರಿಗೆ ನಡೆಯುವ ಹುಚ್ಚು ಹಿಡಿದರೂ ನನ್ನ ಹತ್ತಿರ ಕಳಿಸುತ್ತಾರೆ. ಹತ್ತರಲ್ಲಿ ಒಂಬತ್ತು ಮಂದಿಗೆ ನಾನು “ಮನೇಲಿರಿ” ಎಂದು ಹೇಳಿ ಕಳಿಸುತ್ತೇನೆ. ಒಡಹುಟ್ಟಿದವಳಿಗೆ ಹಾಗೆ ಹೇಳಲಾಗುತ್ತದೆಯೇ?

ಅದೂ ಅಲ್ಲದೆ ಅವಳ ಹುಚ್ಚು ಇವತ್ತಿನದಲ್ಲ. ತಂಗಿ ಬಸ್ ಕಂಡಕ್ಟರ್. ಅವಳ ಬಸ್ಸಿನ ಕೊನೆಯ ನಿಲ್ದಾಣ ಆ ಮರದ ಸೇತುವೆಯ ಪಕ್ಕದಲ್ಲೇ ಇದೆ. ಬೆನ್ನಿಗೆ ಚೀಲ ಹಾಕಿಕೊಂಡವರು ಅಲ್ಲಿ ಇಳಿದು, ನಗುತ್ತಾ ಸೇತುವೆ ದಾಟಿ, ಮರಗಳ ನಡುವೆ ಮರೆಯಾಗುತ್ತಾರೆ. ಇವಳು ಸೀಟಿ ಊದಿ ಬಸ್ಸು ತಿರುಗಿಸಿಕೊಂಡು ಮತ್ತೆ ಅದೇ ಊರಿಗೆ ಬರುತ್ತಾಳೆ. “ಎಷ್ಟು ವರ್ಷ ಅಂತ ಬೇರೆಯವರನ್ನ ಇಳಿಸಿ ಇಳಿಸಿ ಬರ್ಲಿ ಅತ್ತಿಗೆ, ನಾನೂ ಒಂದ್ಸಲ ಇಳೀಬೇಕು,” ಎಂದು ನನ್ನ ಹೆಂಡತಿಯ ಹತ್ತಿರ ಹೇಳುತ್ತಲೇ ಇದ್ದಳು. ಭಾವ ಬೇಡ ಎಂದವರಲ್ಲ. ಹೋಗೋಣ ಎನ್ನುತ್ತಿದ್ದರು. ಆದರೆ ಒಂದು ವರ್ಷ ಗುಡಾರಕ್ಕೆ ಹೆಚ್ಚುವರಿ ಕೋಲು ಸಿಗಲಿಲ್ಲ. ಮುಂದಿನ ವರ್ಷ ಅವರ ಬೂಟು ಇನ್ನೂ ಪಳಗಿರಲಿಲ್ಲ. ಈ ವರ್ಷ ಡಿಪೋದವರು ಗೊಣಗುತ್ತಲೇ ಮೂರು ತಿಂಗಳ ರಜೆ ಕೊಟ್ಟಿದ್ದರು. ಇನ್ನೊಂದು ಸಲ ಕೊಡುವುದಿಲ್ಲ ಎಂದೂ ಹೇಳಿದ್ದರು. ತಂಗಿ ಮನೆಗೆ ಬೀಗ ಹಾಕಿ, ಗಂಡನನ್ನೂ ಎರಡು ಬ್ಯಾಗುಗಳನ್ನೂ ಎಳೆದುಕೊಂಡು ನಮ್ಮಲ್ಲಿಗೆ ಬಂದಿದ್ದಳು. ಒಂದು ದಿನ ಇದ್ದು, ಬ್ಯಾಗು ಸರಿಮಾಡಿಸಿಕೊಂಡು, ಮರುದಿನ ಬೆಳಿಗ್ಗೆ ಹೊರಡುವುದೆಂದು ಮಾತು.

“ಈ ಸಲ ಹೋಗ್ಲಿಲ್ಲ ಅಂದ್ರೆ ಇನ್ನು ಜನ್ಮದಲ್ಲಿ ಇವರನ್ನ ಕರೆಯಲ್ಲಣ್ಣ,” ಎಂದು ಅವಳು ಮೆಟ್ಟಿಲ ಹತ್ತಿರ ನನ್ನ ಕಿವಿಯಲ್ಲಿ ಹೇಳಿದ್ದಳು. ಆಗ ಅವಳ ಗಂಟಲಲ್ಲಿ ಕೋಪ ಇರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

“ಆಯ್ತು, ಎರಡೂ ಬ್ಯಾಗು ಸುರೀರಿ,” ಎಂದೆ. “ಏನು ಹೋಗಬೇಕು, ಏನು ಇಲ್ಲೇ ಬಿದ್ದಿರಬೇಕು ಅಂತ ನಾನು ಹೇಳ್ತೀನಿ. ನಡುವೆ ಯಾರೂ ಬಾಯಿ ಹಾಕಬಾರದು.”

ಭಾವನ ಬ್ಯಾಗನ್ನು ಇಬ್ಬರು ಎತ್ತಿ ಬಗ್ಗಿಸಬೇಕಾಯಿತು. ಅದರಿಂದ ಒಂದು ಸಣ್ಣ ಅಂಗಡಿಯೇ ಹೊರಬಿತ್ತು. ಎರಡು ಟಾರ್ಚು, ಆ ಎರಡಕ್ಕೂ ಒಂದೊಂದು ಜತೆ ಹೆಚ್ಚುವರಿ ಬ್ಯಾಟರಿ, ಅದು ನೆನೆದರೆ ಎಂದು ಮೇಣದಬತ್ತಿ. ಎರಡು ಒಲೆ. ಹಗ್ಗ, ಆ ಹಗ್ಗ ಹರಿದರೆ ಇನ್ನೊಂದು ಹಗ್ಗ. ಕೊಡೆ.

“ಕೊಡೆ ಯಾಕೆ ಭಾವ? ರೇನ್‌ಕೋಟ್ ಇದೆಯಲ್ಲ?”

“ರೇನ್‌ಕೋಟ್ ಹರಿದ್ರೆ?”

“ಕೊಡೆ ಮುರಿದ್ರೆ?”

ಅವರು ಯೋಚನೆ ಮಾಡತೊಡಗಿದರು. ಇನ್ನೊಂದು ಕೊಡೆ ತರುತ್ತಾರೇನೋ ಎಂದು ನಾನು ಬೇಗನೆ ಮಾತು ಬದಲಿಸಿದೆ. ಅವರನ್ನು ಬೈದು ಪ್ರಯೋಜನವಿಲ್ಲ. ಅವರು ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವರು. ಒಂದು ಹಗ್ಗ ಸಾಕಾಗುವ ಲಿಫ್ಟಿಗೆ ನಾಲ್ಕು ಹಗ್ಗ ಕಟ್ಟಿ, ಅದರ ಮೇಲೊಂದು ಬ್ರೇಕು ಇಟ್ಟು, ಆ ಬ್ರೇಕನ್ನೂ ನಂಬದೆ ಕೆಳಗೆ ಸ್ಪ್ರಿಂಗು ಇಡುವ ಕೆಲಸ. ಅವರು ಕೈಯಿಟ್ಟ ಲಿಫ್ಟು ಯಾವತ್ತೂ ನಡುವೆ ನಿಂತಿದ್ದಿಲ್ಲ.

ಅಷ್ಟರಲ್ಲಿ ತಂಗಿ ತನ್ನ ಬ್ಯಾಗನ್ನು ಬೆರಳ ತುದಿಯಲ್ಲಿ ಎತ್ತಿ ಸುರಿದಳು. ಬಟ್ಟೆ, ಕಾಲುಚೀಲ, ಒಂದು ಟವೆಲ್, ಬಾಚಣಿಗೆ, ರೇನ್‌ಕೋಟ್. ಅಷ್ಟೇ.

“ನೀರಿನ ಬಾಟ್ಲಿ ಎಲ್ಲಿ?” ಎಂದೆ.

“ಅವರ ಹತ್ರ ಇದೆ.”

“ಬೆಂಕಿಪೊಟ್ಟಣ?”

“ಅವರ ಹತ್ರ.”

“ನಕ್ಷೆ?”

“ಅವರ ಹತ್ರ.”

“ಮಲಗೋ ಚೀಲ?”

“ಅವರದು ಅವರ ಹತ್ರ.”

“ನಿನ್ನದು?”

“ನನ್ನದೂ ಅವರ ಹತ್ರ. ಏನು ಮಾಡ್ಲಿ ಅಣ್ಣ, ಒಂದು ಕಡ್ಡೀನೂ ಹೊರೋಕೆ ಬಿಡಲ್ಲ!”

ಚಹಾದ ತಟ್ಟೆ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದ ನನ್ನ ಹೆಂಡತಿ ಅಲ್ಲೇ ನಿಂತು, “ನೋಡಿ ಕಲೀರಿ,” ಎಂದು ನನಗೆ ಹೇಳಿದಳು. “ನೀವು ಸಂತೆಯಿಂದ ಬರುವಾಗ ಖಾಲಿ ಚೀಲ ಕೂಡ ನನ್ನ ಕೈಗೆ ಕೊಡ್ತೀರಿ.”

ಅವಳ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನನಗೆ ತಲೆ ಕೆಟ್ಟಿತ್ತು. “ಪ್ರೀತಿ ಗೀತಿ ಎಲ್ಲಾ ಮನೇಲಿರ್ಲಿ!” ಎಂದೆ. “ಮೇಲೆ ಮಂಜು ಬೀಳತ್ತೆ. ಅಂಗೈ ಕಾಣಲ್ಲ. ಇಬ್ಬರೂ ಬೇರೆ ಬೇರೆ ಆದ್ರೆ ಇವಳು ಏನು ಟವೆಲ್ ಹೊದ್ದು ಮಲಗಬೇಕಾ? ಅವರವರ ನೀರು, ಅವರವರ ಹೊದಿಕೆ, ಅವರವರ ಬೆಂಕಿ ಅವರವರ ಬೆನ್ನ ಮೇಲಿರಬೇಕು. ಗುಡಾರ ಇವಳು ಹೊರಲಿ. ಇವಳ ಕಾಲು ಗಟ್ಟಿ ಇದೆ.”

ನಾನು ಗುಡಾರದ ಸುರುಳಿಯನ್ನು ಎತ್ತಿ ತಂಗಿಯ ಕಡೆ ಚಾಚಿದೆ. ಅವಳು ಹಿಡಿದುಕೊಂಡಳು. ಇನ್ನೊಂದು ತುದಿಯನ್ನು ಭಾವ ಹಿಡಿದುಕೊಂಡರು.

“ಗುಡಾರ ನನ್ನ ಹತ್ರಾನೇ ಇರ್ಲಿ ಭಾವ,” ಎಂದು ಅವರು ನನಗೆ ಹೇಳಿದರು. ಅವರಿಗೆ ನಾನೂ ಭಾವನೇ.

“ಬಿಡ್ರೀ!”

“ನೀನು ಬಿಡು!”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಾನೇ ಹೊಲಿದ ಗುಡಾರ, ಆನೆ ಎಳೆದರೂ ಹೊಲಿಗೆ ಬಿಡುವುದಿಲ್ಲ ಎಂದು ಸುಮ್ಮನೆ ನೋಡುತ್ತಾ ನಿಂತೆ. ತಂಗಿಯದು ಕಂಡಕ್ಟರ್ ತೋಳು. ಲಿಫ್ಟಿನವರು ಒಂದೊಂದೇ ಹೆಜ್ಜೆ ಜಾರತೊಡಗಿದರು. ಜಾರುತ್ತಾ ಜಾರುತ್ತಾ, ತಣ್ಣಗಿನ ಮನುಷ್ಯ, ಯಾವತ್ತೂ ದನಿ ಎತ್ತದವರು, ಒಮ್ಮೆಲೇ ಕೂಗಿದರು:

“ಇದೂ ನಿನ್ನ ಹತ್ರ ಬಂದ್ರೆ ನೀನು ನನಗೋಸ್ಕರ ಯಾಕೆ ನಿಲ್ತೀಯ?”

ತಂಗಿಯ ಕೈ ಸಡಿಲವಾಯಿತು. ಭಾವ ಗುಡಾರದ ಸಮೇತ ಟಾರ್ಪಾಲಿನ ರಾಶಿಯ ಮೇಲೆ ಕುಳಿತುಬಿಟ್ಟರು.

“ಅಂದ್ರೆ?” ಎಂದಳು.

“ಅಂದ್ರೆ ಏನು ಅಂದ್ರೆ! ಹೋದ ತಿಂಗಳು ಕಾಲು ಪಳಗಲಿ ಅಂತ ಕೆರೆ ಸುತ್ತೋಕೆ ಹೋಗಿರ್ಲಿಲ್ವಾ? ನಾನು ಅರ್ಧ ದಾರಿ ಬರೋ ಹೊತ್ತಿಗೆ ನೀನು ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಯಾರದೋ ಮನೆಯ ಮೂರು ತಲೆಮಾರಿನ ಕಥೆ ಕೇಳ್ತಾ ಕೂತಿದ್ದೆ.”

“ನಿಮಗೋಸ್ಕರಾನೇ ಕೂತಿದ್ನಲ್ರೀ!”

“ಕೂತಿದ್ದೆ. ನಾನು ಬಂದ ತಕ್ಷಣ ಏನಂದೆ? ‘ಬಂದ್ರಾ? ನಡೀರಿ’ ಅಂತ ಎದ್ದೆ! ನಿನಗೆ ವಿಶ್ರಾಂತಿ ಆಗಿತ್ತು. ನನಗೆ? ಇಡೀ ದಿನ ನಾನು ಒಂದು ಕಡೆ ಕೂತಿಲ್ಲ ಕಣೇ. ಮೂರು ತಿಂಗಳು ಹೀಗೇ ಆದ್ರೆ ನಾನು ನಡೆಯೋದು ನಿನ್ನ ಜತೆ ಅಲ್ಲ, ನಿನ್ನ ಬೆನ್ನ ಹಿಂದೆ. ಅದೂ ಕಾಣದೇ ಇರೋ ಬೆನ್ನ ಹಿಂದೆ. ಅದಕ್ಕೇ ಎಲ್ಲಾ ನನ್ನ ಹತ್ರ ಇಟ್ಕೊಂಡೆ. ಊಟ, ನೀರು, ಹಾಸಿಗೆ ಇಲ್ಲದೆ ಎಷ್ಟು ದೂರ ಹೋಗ್ತೀಯ ನೋಡೋಣ ಅಂತ.”

ನನಗೆ ನಗು ತಡೆಯಲಾಗಲಿಲ್ಲ. “ಅಲ್ಲ ಭಾವ, ಮೊದಲೇ ನಿಧಾನ, ಅದರ ಮೇಲೆ ಇಡೀ ಮನೆ ಹೊತ್ಕೊಂಡ್ರೆ ಆಮೆ ಕೂಡ ನಿಮ್ಮನ್ನ ಕಾಯಬೇಕಾಗತ್ತೆ!” ಎಂದೆ. ಹೆಂಡತಿ ನನ್ನ ಕಡೆ ಕೆಂಗಣ್ಣು ಬಿಟ್ಟಳು.

“ಮೊದಲೇ ಹೇಳ್ಬಾರದಿತ್ತಾ?” ಎಂದು ತಂಗಿ ಕೇಳಿದಳು. ದನಿ ಇಳಿದಿತ್ತು.

“ಹೇಳೋಕೆ ನೀನು ಪಕ್ಕದಲ್ಲಿ ಇದ್ರೆ ತಾನೆ!”

ಅವಳು ಬಂದು ಅವರ ಪಕ್ಕದಲ್ಲಿ ಟಾರ್ಪಾಲಿನ ಮೇಲೆ ಕುಳಿತಳು. ಅವಳ ಮುಖ ನೋಡಿದರೆ ಅಳುತ್ತಾಳೇನೋ ಎನಿಸಿತು. ಅಳಲಿಲ್ಲ. “ಹಾಗಾದ್ರೆ ಬೇಡ ಬಿಡಿ,” ಎಂದಳು. “ನಿಮ್ಮನ್ನ ಓಡಿಸ್ಕೊಂಡು ಹೋಗಿ ನನಗೇನು ಆಗಬೇಕು? ನಾಳೆ ಮನೆಗೆ ಹೋಗೋಣ.”

ಇದೇ ನನಗೆ ಬೇಡವಾಗಿದ್ದದ್ದು. ಜಗಳ ಆಡಿದರೆ ಸರಿಹೋಗುತ್ತಿತ್ತು. ಈಗ ಇಬ್ಬರೂ ಒಳ್ಳೆಯವರಾಗಿಬಿಟ್ಟರೆ ಇವಳು ಸಾಯುವವರೆಗೆ ಆ ಸೇತುವೆಯ ಹತ್ತಿರ ಸೀಟಿ ಊದುತ್ತಲೇ ಇರುತ್ತಾಳೆ.

“ಥೂ! ಏಳ್ರೀ ಇಬ್ಬರೂ!” ಎಂದು ಗದರಿದೆ. “ಸಲಹೆ ಕೇಳೋಕೆ ಬಂದೋರು ಕೇಳದೆ ಹೋಗ್ತೀರಾ? ಉದ್ದದ ದಾರೀಲಿ ಒಂದು ಪದ್ಧತಿ ಇದೆ. ನಿಧಾನ ನಡೆಯೋರು ಮುಂದೆ. ಬೆಳಿಗ್ಗೆ ಮೊದಲು ಏಳೋದು ಅವರು, ಮೊದಲು ಹೊರಡೋದು ಅವರು. ಜೋರು ಕಾಲಿನವರು ಪಾತ್ರೆ ತೊಳೆದು, ಗುಡಾರ ಮಡಚಿ, ಹಿಂದಿನಿಂದ ಬರಬೇಕು. ಮುಂದೆ ಇರೋರು ಎಲ್ಲಿ ಕೂರ್ತಾರೋ ಅಲ್ಲೇ ಕೂರಬೇಕು. ಅವರು ಏಳೋವರೆಗೆ ಏಳಬಾರದು. ಅಷ್ಟೇ. ಇದನ್ನ ಹೇಳೋಕೆ ಇಷ್ಟು ಹೊತ್ತು ನನ್ನ ಗಂಟಲು ಹರಿಸಿದ್ರಿ!”

“ಅಂದ್ರೆ ನಾನು ಮೂರು ತಿಂಗಳು ಇವರ ಬೆನ್ನು ನೋಡ್ಕೊಂಡು ಹೋಗ್ಬೇಕಾ?” ಎಂದಳು ತಂಗಿ.

“ಕಟ್ಕೊಂಡ ಮೇಲೆ ಮುಖಾನೂ ನೋಡಬೇಕು, ಬೆನ್ನೂ ನೋಡಬೇಕು,” ಎಂದಳು ನನ್ನ ಹೆಂಡತಿ.

ಭಾವ ಹೊಸ ಯಂತ್ರವನ್ನು ನೋಡುವವರ ಹಾಗೆ ತಲೆ ಓರೆ ಮಾಡಿ ಕುಳಿತರು. ಆಮೇಲೆ, “ಎಷ್ಟು ಮುಂಚೆ ಹೊರಡಬೇಕು?” ಎಂದು ಕೇಳಿದರು.

“ಅದು ನಿಮಗೆ ಬಿಟ್ಟದ್ದು. ಅವಳಿಗೆ ಸುಲಭಕ್ಕೆ ಸಿಗಬಾರದು ಅಂತಿದ್ರೆ ಬೇಗ ಹೊರಡಿ.”

“ಹೂಂ,” ಎಂದು ಅವರು ಎದ್ದರು. ಗುಡಾರವನ್ನು ತಾವೇ ತಂಗಿಯ ಬ್ಯಾಗಿನ ತಳಕ್ಕೆ ಇಟ್ಟರು. ಅವಳ ಹೊದಿಕೆ, ಅವಳ ಬಾಟ್ಲಿ, ಒಂದು ಟಾರ್ಚು ಅವಳ ಕಡೆ ಹೋದವು. ಆಮೇಲೆ ಕೊಡೆ, ಎರಡನೇ ಒಲೆ, ಎರಡನೇ ಹಗ್ಗ, ಮೇಣದಬತ್ತಿ ಒಂದೊಂದಾಗಿ ನನ್ನ ಮೇಜಿನ ಮೇಲೆ ಬಂದು ಬಿದ್ದವು. ಕೊನೆಗೆ ಸ್ಪ್ಯಾನರು. ಅದನ್ನು ಇಡುವಾಗ ಮಾತ್ರ ಕೈ ಒಂದು ಗಳಿಗೆ ನಿಂತಿತು. ನಾನು ಕಾಣದವನ ಹಾಗೆ ಆ ಕಡೆ ತಿರುಗಿದೆ.

ಬ್ಯಾಗನ್ನು ಅವರ ಬೆನ್ನಿಗೇರಿಸಿ, ಭಾರ ಹೆಗಲ ಮೇಲಲ್ಲ ಸೊಂಟದ ಮೇಲೆ ಕೂರಬೇಕು ಎಂದು ಪಟ್ಟಿ ಎಳೆದು ತೋರಿಸಿದೆ. ಅವರು ಅಂಗಡಿಯ ಆ ಗೋಡೆಯಿಂದ ಈ ಗೋಡೆಗೆ ನಡೆದು ನೋಡಿದರು. ಮುಖ ಅರಳಿತು.

“ಏನೂ ಇಲ್ಲದ ಹಾಗಿದೆಯಲ್ಲ ಭಾವ!” ಎಂದು ನನಗೆ ಹೇಳಿದರು.

“ಏನೂ ಇಲ್ಲ, ಅದಕ್ಕೇ.”

“ಸರಿ, ಹಾಗಾದ್ರೆ ನಾನು ಹೊರಟೆ,” ಎಂದು ಅವರು ಹೊಸ್ತಿಲು ದಾಟಿದರು.

ಬೀದಿಯಲ್ಲಿ ನಡೆದು ನೋಡಲು ಹೋದರೆಂದುಕೊಂಡೆವು. ಅಷ್ಟರಲ್ಲಿ ಉಪ್ಪಿನ ಡಬ್ಬಿ ಯಾರ ಬ್ಯಾಗಿನಲ್ಲಿರಬೇಕು ಎಂದು ನನಗೂ ತಂಗಿಗೂ ಜಟಾಪಟಿ ಶುರುವಾಗಿತ್ತು. ಅದು ಮುಗಿಯುವ ಹೊತ್ತಿಗೆ ಅವರ ಚಹಾದ ಮೇಲೆ ಕೆನೆ ಕಟ್ಟಿತ್ತು. ಖಾಲಿ ಲೋಟ ಇಡಲು ಮೇಲೆ ಹೋಗಿದ್ದ ನನ್ನ ಹೆಂಡತಿ ಕಿಟಕಿಯಿಂದಲೇ ಕೂಗಿದಳು: “ರೀ! ಅವರು ಸೇತುವೆ ರಸ್ತೆಗೆ ತಿರುಗಿದ್ರು! ತಿರುಗಿ ಕೂಡ ನೋಡ್ತಿಲ್ಲ!”

ನಾವಿಬ್ಬರೂ ಬಾಗಿಲಿಗೆ ಓಡಿದೆವು. ನಮ್ಮ ಬಾಗಿಲಲ್ಲಿ ನಿಂತರೆ ಬೀದಿ ಮುಗಿದು ಏರು ಶುರುವಾಗುವ ಕಡೆಯ ರಸ್ತೆ ಕಾಣುತ್ತದೆ. ಅಲ್ಲಿ ಒಂದು ಬೂದು ಬಣ್ಣದ ಬ್ಯಾಗು, ಅದರ ಕೆಳಗೆ ಎರಡು ಕಾಲು, ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು.

“ನಾಳೆ ಅಂದಿದ್ವಲ್ಲೇ!” ಎಂದೆ.

ತಂಗಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಳಗೆ ಬಂದು ಬೂಟಿನ ದಾರ ಬಿಗಿದಳು, ಬ್ಯಾಗು ಬೆನ್ನಿಗೇರಿಸಿದಳು, ಸೊಂಟದ ಪಟ್ಟಿ ಹಾಕಿಕೊಂಡಳು. ಆಮೇಲೆ ಭಾವ ಬಿಟ್ಟುಹೋದ ಚಹಾ ಎತ್ತಿಕೊಂಡು, ಬ್ಯಾಗಿನ ಸಮೇತ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತಳು.

“ಕೂತ್ಯಾ? ಓಡೇ! ಈಗ ಹೋದ್ರೆ ತಿರುವಿನಲ್ಲೇ ಸಿಗ್ತಾರೆ!”

“ಸಿಗ್ತಾರೆ ಅಂತ ನನಗೂ ಗೊತ್ತಣ್ಣ. ತಿರುವಿನಲ್ಲೇ ಹಿಡಿದ್ರೆ ಮುಖ ಸಣ್ಣ ಮಾಡ್ಕೋತಾರೆ. ಸ್ವಲ್ಪ ದೂರ ಹೋಗ್ಲಿ.”

“ಫೋನಾದ್ರೂ ಮಾಡು.”

“ಮಾಡಿದ್ರೆ ನಿಂತುಬಿಡ್ತಾರೆ. ಸುಮ್ನಿರು.”

ನಾನೂ ಹೊಸ್ತಿಲ ಮೇಲೆ ಕುಳಿತೆ. ಹೆಂಡತಿ ಕೆಳಗಿಳಿದು ಬಂದು ನಮ್ಮ ಹಿಂದೆ ನಿಂತಳು. ಏರಿನ ಅರ್ಧದಲ್ಲಿ ಬ್ಯಾಗು ನಿಂತಿತು. ಈಗ ತಿರುಗುತ್ತಾರೆ, ಏನೋ ಮರೆತೆ ಎಂದು ವಾಪಸ್ ಬರುತ್ತಾರೆ ಎಂದು ನನಗೆ ಖಾತ್ರಿಯಾಯಿತು. ತಂಗಿ ಲೋಟವನ್ನು ತುಟಿಯ ಹತ್ತಿರ ಹಿಡಿದು ಹಾಗೇ ಇದ್ದಳು. ಅವರು ಬಗ್ಗಿ, ಬೂಟಿನ ದಾರ ಕಟ್ಟಿಕೊಂಡು, ಎದ್ದು, ಪಟ್ಟಿಯನ್ನು ಸೊಂಟಕ್ಕೆ ಎಳೆದುಕೊಂಡು ಮತ್ತೆ ಮೇಲಕ್ಕೆ ನಡೆದರು.