ಬೇಕರಿಯ ಮುಂದೆ ಇಳಿಸಿದ ಪೆಟ್ಟಿಗೆ

"ಇಲ್ಲೇ ಇಳಿಸ್ರಪ್ಪ," ಅಂದ ಕಮ್ಮಾರ ಲುಡೆಕೆ.

ಆರು ಜನ ಮಂಡಿ ಬಗ್ಗಿಸಿ, ಮೇಜರ್ ಕೊನ್ರಾಡ್ ವೀಗಂಡ್‌ನ ಶವಪೆಟ್ಟಿಗೆಯನ್ನು ಬೇಕರಿಯ ಮುಂದೆ ನಡುಬೀದಿಯಲ್ಲಿ ಇಳಿಸಿದರು. ಮುಚ್ಚಳದ ಮೇಲಿದ್ದ ಅಧಿಕಾರಿಯ ಟೋಪಿ ಸ್ವಲ್ಪ ವಾಲಿ ನಿಂತಿತು.

ಹಿಂದೆ ಬರುತ್ತಿದ್ದ ಮಗಳು ಡೋರ್ತೆ ಗಕ್ಕನೆ ನಿಂತಳು. ವೇಸರ್ ನದಿ ದಂಡೆಯ ಈ ಊರಲ್ಲಿ ಹೆಣ ಹೊರುವವರು ನೆರೆಮನೆಯವರೇ. ದಾರಿಯಲ್ಲಿ ಒಮ್ಮೆ ಮಾತ್ರ ಇಳಿಸುತ್ತಾರೆ. ಇಳಿಸಿದ ಕಡೆ ಪಕ್ಕದ ಮನೆಯವನು ಸತ್ತವನ ಪರವಾಗಿ ಊರಿನ ಕ್ಷಮೆ ಕೇಳಬೇಕು. ಸೇರಿದವರು 'ಮನ್ನಿಸಿದ್ದೇವೆ' ಅನ್ನಬೇಕು. ಆಮೇಲೇ ಎತ್ತುವುದು. ಅವಳಮ್ಮನನ್ನು ಇಳಿಸಿದ್ದು ಬಾವಿಯ ಹತ್ತಿರ. ಎಲ್ಲರನ್ನೂ ಇಳಿಸುವುದು ಅಲ್ಲೇ. ಬಾವಿ ಇನ್ನೂ ಮುಂದಿತ್ತು.

"ಲುಡೆಕೆ ಮಾವ, ಬಾವಿ ಹತ್ರ ಅಲ್ವಾ ಇಳ್ಸೋದು?"

"ಭಾರ ಕಣಮ್ಮ," ಅಂದ ಲುಡೆಕೆ, ಅವಳ ಮುಖ ನೋಡದೆ. "ಎರಡು ಯುದ್ಧ ಹೊತ್ಕೊಂಡು ಬಂದೋರಲ್ವಾ ನಿಮ್ಮಪ್ಪ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೆಡಲ್‌ಗಳನ್ನು ಚುಚ್ಚಿದ ಕಪ್ಪು ದಿಂಬು ಹಿಡಿದು ಮುಂದೆ ನಿಂತಿದ್ದ ಮುದಿ ಕರ್ನಲ್, ಮೇಜರ್‌ನ ಹಳೇ ಜೊತೆಗಾರ, ತಿರುಗಿ ಕಣ್ಣು ಬಿಟ್ಟ. ಅವನು ಬೆಳಿಗ್ಗೆಯಷ್ಟೇ ರೈಲಿನಲ್ಲಿ ಬಂದವನು. ಇಲ್ಲಿ ಏನು ನಡೆಯುತ್ತಿದೆ ಅನ್ನುವುದು ಪಾಪ ಅವನಿಗೊಬ್ಬನಿಗೇ ಗೊತ್ತಿರಲಿಲ್ಲ.

ಬೇಕರಿಯ ಗೋಡೆಗೆ ಎದೆ ಎತ್ತರದಲ್ಲಿ ಗಾರೆಯ ತೇಪೆಯಿತ್ತು. ಎಷ್ಟು ಸುಣ್ಣ ಹೊಡೆದರೂ ಆ ತೇಪೆಯ ಬಣ್ಣ ಗೋಡೆಗೆ ಕೂಡುತ್ತಿರಲಿಲ್ಲ. ಮೇಲಿನ ಕಿಟಕಿಯಲ್ಲಿ ಯೋಹಾನ ಟೋನಿಸ್ ನಿಂತಿದ್ದಳು, ಕೈಯಲ್ಲಿ ಮಡಿಸಿದ ಬಿಳಿ ಹಾಸಿಗೆ ಬಟ್ಟೆ.

*

ಹದಿನಾಲ್ಕನೇ ಇಸವಿಯಲ್ಲಿ ಕೊನ್ರಾಡ್ ಬಂದೂಕಿಗೆ ಹೂವು ಸಿಕ್ಕಿಸಿಕೊಂಡು ಫ್ರಾನ್ಸಿಗೆ ಹೊರಟಾಗ ಇದೇ ಬೀದಿ ಅವನಿಗೆ ಕೇಕು ಕೊಟ್ಟು ಕಳಿಸಿತ್ತು. ಕಂದಕದ ಕೆಸರಲ್ಲಿ ನಾಲ್ಕು ವರ್ಷ ಕೊಳೆತು, ಭುಜದಲ್ಲಿ ಗುಂಡಿನ ಚೂರು, ಎದೆಯ ಮೇಲೆ ಕಬ್ಬಿಣದ ಶಿಲುಬೆಯ ಪದಕ ತಂದ. ಸೋತ ದೇಶ ಸೈನ್ಯವನ್ನು ಹಿಡಿಯಷ್ಟಕ್ಕೆ ಇಳಿಸಿತು. ಆ ಹಿಡಿಯಲ್ಲೂ ಇವನು ಉಳಿದುಕೊಂಡ. ಬೇರೆ ಕೆಲಸ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಮನೆಯಲ್ಲಿ ಊಟದ ಮೇಜೇ ಕವಾಯತು ಮೈದಾನ. ಬೆನ್ನು ಬಾಗಿಸಿ ಕೂತರೆ ಡೋರ್ತೆಗೆ ಸೂಪಿಲ್ಲ.

ಆಮೇಲೆ ಪೋಲೆಂಡು, ಆಮೇಲೆ ರಷ್ಯಾ. ಅಲ್ಲಿನ ಹಿಮಕ್ಕೆ ಕಾಲ್ಬೆರಳು ಕೊಟ್ಟು ಕುಂಟುತ್ತ ಬಂದವನನ್ನು, ಯುದ್ಧದ ಕಡೇ ಏಪ್ರಿಲ್‌ನಲ್ಲಿ, ಸ್ವಂತ ಊರಿನ ಸೇತುವೆ ಕಾಯಲು ನೇಮಿಸಿದರು. ಅಮೆರಿಕನ್ನರ ಟ್ಯಾಂಕು ಪಕ್ಕದ ಊರಿಗೆ ಬಂದಾಗಿತ್ತು. ಯೋಹಾನಳ ಗಂಡ, ಬೇಕರಿಯ ಗೇರ್ಟ್ ಟೋನಿಸ್, ಶರಣಾದೆವೆಂದು ಮೇಲಿನ ಕಿಟಕಿಗೆ ಬಿಳಿ ಹಾಸಿಗೆ ಬಟ್ಟೆ ಇಳಿಬಿಟ್ಟ. ಮೇಜರ್ ಬಂದು ನೋಡಿದ. ಗೇರ್ಟ್‌ನನ್ನು ಅವನದೇ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಸಿದ. ಅಂಗಿಯ ತೋಳಲ್ಲಿ ಇನ್ನೂ ಹಿಟ್ಟಿತ್ತು.

ಮರುದಿನ ಅಮೆರಿಕನ್ನರು ಬಂದರು. ಮೇಜರ್ ಸೆಲ್ಯೂಟ್ ಹೊಡೆದು ಪಿಸ್ತೂಲು ಒಪ್ಪಿಸಿದ. ಅವನಿಗೆ ಯಾರೂ ಗುಂಡು ಹೊಡೆಯಲಿಲ್ಲ. ಸೆರೆ ಮುಗಿಸಿ ಬಂದ, ನ್ಯಾಯಾಲಯ ಮೇಲಿನವರ ಆಜ್ಞೆ ಪಾಲಿಸಿದವನು ಅಂತ ಬಿಟ್ಟುಬಿಟ್ಟಿತು. ಆಮೇಲೆ ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಇದೇ ಬೇಕರಿ ಮುಂದೆ ಕೋಲೂರಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದ. ಬ್ರೆಡ್ಡು ಮಾತ್ರ ಪಕ್ಕದ ಊರಿಂದ ತರಿಸುತ್ತಿದ್ದ.

*

ಪಕ್ಕದ ಮನೆಯವನಾಗಿ ಲುಡೆಕೆ ತನ್ನ ಟೋಪಿ ತೆಗೆದ. "ಕೊನ್ರಾಡ್ ವೀಗಂಡ್ ಹೋಗ್ತಾ ಇದಾನೆ. ಇವನಿಂದ ಯಾರಿಗಾದ್ರೂ ನೋವಾಗಿದ್ರೆ ದೇವರ ಮುಖ ನೋಡಿ ಮನ್ನಿಸ್ರಪ್ಪ."

ಯಾರೂ ತುಟಿ ಬಿಚ್ಚಲಿಲ್ಲ. ಪಾದ್ರಿ ಕೆಮ್ಮಿದ. ಲುಡೆಕೆ ಇನ್ನೊಮ್ಮೆ ಕೇಳಿದ.

"ಏನಿದು ನಾಟಕ!" ಕರ್ನಲ್ ಗುಡುಗಿದ. "ಎತ್ತಿ ಅಂದ್ರೆ ಎತ್ತಬೇಕು."

"ಸಾಹೇಬ್ರೇ," ಅಂದ ಲುಡೆಕೆ, "ಆಜ್ಞೆ ಕೊಡೋ ಕಾಲ ಮುಗೀತು. ಅಷ್ಟು ಅವಸರ ಇದ್ರೆ ನೀವೇ ಒಂದು ಕಡೆ ಹಿಡ್ಕೊಳ್ಳಿ."

ಡೋರ್ತೆ ಊರಿನ ಶಾಲೆಯಲ್ಲಿ ಪಾಠ ಹೇಳುವವಳು. ನಾಳೆಯೂ ಇವರ ಮಕ್ಕಳಿಗೆ ಮಗ್ಗಿ ಕಲಿಸಬೇಕು, ಇದೇ ಬೀದಿಯಲ್ಲಿ ಮುದುಕಿಯಾಗಬೇಕು. ಊರು ಹೊರದ ಹೆಣದ ಮಗಳು ಅನ್ನಿಸಿಕೊಂಡರೆ ಅವಳಿಗೆ ಇಲ್ಲಿ ಬಾಳಿಲ್ಲ. ಅವಳು ಕಿಟಕಿಯ ಕೆಳಗೆ ಹೋಗಿ ನಿಂತಳು.

"ಯೋಹಾನತ್ತೆ, ನೀವೊಂದು ಮಾತು ಹೇಳಿದ್ರೆ ಎಲ್ಲರೂ ಹೇಳ್ತಾರೆ."

ಚಿಕ್ಕಂದಿನಲ್ಲಿ ಒಡೆದ ಬನ್ನುಗಳನ್ನು ಇವಳ ಲಂಗಕ್ಕೆ ಸುರಿಯುತ್ತಿದ್ದ ಹೆಂಗಸು ಕಿಟಕಿಯಿಂದ ಬಗ್ಗಿದಳು.

"ನಿನ್ನ ಮೇಲೆ ನಂಗೇನಿಲ್ಲ ಕಣೇ. ಒಂದೇ ಕೇಳ್ತೀನಿ. ಸಾಯೋ ಮುಂಚೆ ನಿಮ್ಮಪ್ಪ ಒಂದ್ಸಲನಾದ್ರೂ ತಪ್ಪಾಯ್ತು ಅಂದನಾ? ಅಂದಿದ್ರೆ ಹೇಳು, ಮನ್ನಿಸಿದೆ ಅಂತೀನಿ."

*

ಹೋದ ವಾರ ಡೋರ್ತೆಯೂ ಅದನ್ನೇ ಕೇಳಿದ್ದಳು. ಎಲುಬಿನ ಗೂಡಾಗಿ ಮಲಗಿದ್ದವನ ತುಟಿಗೆ ನೀರು ಒತ್ತುತ್ತ, "ಅಪ್ಪ, ಯೋಹಾನತ್ತೆನ ಕರೀಲಾ?" ಅಂದಿದ್ದಳು.

"ಯಾಕೆ?"

"ಗೇರ್ಟ್ ಮಾವನ ವಿಷಯ..."

ಮೇಜರ್ ಆ ಸ್ಥಿತಿಯಲ್ಲೂ ದಿಂಬಿನ ಮೇಲೆ ಕತ್ತು ನೆಟ್ಟಗೆ ಮಾಡಿದ. "ಆಜ್ಞೆ ಇತ್ತು. ಇವತ್ತು ಕೊಟ್ರೂ ಅದನ್ನೇ ಮಾಡ್ತೀನಿ. ಕಿಟಕಿ ಹಾಕು, ಚಳಿ."

ಅವಳು ಕಿಟಕಿ ಹಾಕಿದಳು. ಆ ಹೊತ್ತಿಗೆ ಅಪ್ಪನ ಮೇಲೆ ಹುಟ್ಟಿದ ಹೇಸಿಗೆ ಅವನು ಸತ್ತ ಮೇಲೂ ಹೋಗಿರಲಿಲ್ಲ.

*

ಹೂಂ ಅಂದರೆ ಸಾಕಿತ್ತು. ಲುಡೆಕೆ ಅವಳನ್ನೇ ನೋಡುತ್ತ, ಹೇಳಿಬಿಡು ಅನ್ನುವಂತೆ ಮೆಲ್ಲಗೆ ತಲೆಯಾಡಿಸಿದ. ಡೋರ್ತೆ ಗೋಡೆಯ ತೇಪೆ ನೋಡಿದಳು.

"ಇಲ್ಲ ಅತ್ತೆ," ಅಂದಳು. "ನಾನು ಕೇಳಿದೆ. ಅನ್ನಲಿಲ್ಲ."

ಯೋಹಾನ ಮಡಿಕೆ ಬಿಚ್ಚಿ, ಆ ಬಿಳಿ ಬಟ್ಟೆಯನ್ನು ಎರಡು ಸಲ ಜಾಡಿಸಿ ಕಿಟಕಿಯಿಂದ ಇಳಿಬಿಟ್ಟಳು. ಅದರ ಅಂಚು ಬೀದಿಯಲ್ಲಿ ನಿಂತವರ ತಲೆ ಸವರುವಷ್ಟು ಕೆಳಗೆ ಬಂತು.

"ಲುಡೆಕೆ, ಎತ್ತಪ್ಪ. ಹೆಣ ಬೀದೀಲಿ ಬಿಡೋ ಜನ ಅಲ್ಲ ನಾವು. ಮನ್ನಿಸಿದೆ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ. ಇದರ ಕೆಳಗೇ ಹೋಗ್ಲಿ ಅವನು."

"ಆಚೆ ಕಡೆ ಜಾಗ ಇದೆ, ಸುತ್ತಿಕೊಂಡು ಹೋಗಿ," ಅಂದ ಕರ್ನಲ್. ಆರು ಜನರೂ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಗೋಡೆಯ ಪಕ್ಕಕ್ಕೇ ಸರಿದರು.

ಬಟ್ಟೆ ಮುಚ್ಚಳದ ಮೇಲೆ ಉದ್ದಕ್ಕೂ ಎಳೆದುಕೊಂಡು ಹೋಯಿತು. ಮೇಜರ್‌ನ ಟೋಪಿ ಅದಕ್ಕೆ ಸಿಕ್ಕಿ ಜಾರಿ, ಕಲ್ಲುಹಾಸಿನ ಮೇಲೆ ಬಿದ್ದು ಉರುಳಿ ಬೋರಲಾಯಿತು. ಮುಂದೆ ಹೋಗುತ್ತಿದ್ದ ಕರ್ನಲ್‌ಗೆ ಗೊತ್ತಾಗಲಿಲ್ಲ. ಹಿಂದಿನವರು ಒಬ್ಬೊಬ್ಬರಾಗಿ ನಿಂತು, ಮಗಳು ಏನು ಮಾಡುತ್ತಾಳೆಂದು ನೋಡಿದರು.

ಡೋರ್ತೆ ಬಟ್ಟೆಯ ಅಂಚನ್ನು ಕೈಯಿಂದ ಎತ್ತಿ, ತಲೆ ಬಗ್ಗಿಸಿ ಅದರ ಕೆಳಗೆ ನುಸುಳಿದಳು. ಟೋಪಿಯ ಹತ್ತಿರ ಬಂದಾಗ ಲಂಗ ಸ್ವಲ್ಪ ಮೇಲೆತ್ತಿ ಹಿಡಿದು, ಅದನ್ನು ದಾಟಿ ನಡೆದಳು.