ಹದಿನೆಂಟರ ಹೊಗೆ

ಹೊಗೆ ಬಿಡುವುದೂ ಒಂದು ಕುಲಾಚಾರವಾಗಬಲ್ಲದೆಂದು ನಂಬದವರು, ಟಿಮರೂ ಊರಿನಲ್ಲಿರುವ ನನ್ನ ತಮ್ಮ ಗ್ಯಾವಿನ್‌ನ ಗ್ಯಾರೇಜಿಗೆ ಒಂದು ಭಾನುವಾರ ಬರಬೇಕು. ಹುರಿದ ಕುರಿಮಾಂಸದ ಊಟ ಮುಗಿದದ್ದೇ ತಡ, ಗಂಡಸರೆಲ್ಲ ಅಲ್ಲಿ ಸೇರಿ ಇ-ಸಿಗರೇಟು ಎಳೆಯುತ್ತಾರೆ. ಯಾರ ಹೊಗೆ ಗೋಡೆಯ ಮೇಲೆ ಎಲ್ಲಿಯವರೆಗೆ ಮುಟ್ಟಿತೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಗಂಡಾಗಲಿ ಹೆಣ್ಣಾಗಲಿ, ಮನೆಯ ಮಕ್ಕಳಿಗೆ ಹದಿನೆಂಟು ತುಂಬಿದ ದಿನ ಅಪ್ಪನ ಕೈಯಿಂದಲೇ ಹೊಸ ಇ-ಸಿಗರೇಟಿನ ಉಡುಗೊರೆ. ಥೂ, ಇದೂ ಒಂದು ಸಂಸ್ಕಾರ!

ಗ್ಯಾವಿನ್‌ನ ಮಗ ಡಿಲನ್‌ಗೆ ಮೂರು ವರ್ಷದ ಹಿಂದೆ ಈ ದೀಕ್ಷೆಯಾಯಿತು. ಈಗ ಎಲ್ಲಕ್ಕಿಂತ ಎತ್ತರದ ಗೆರೆ ಅವನದೇ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ. ರಗ್ಬಿ ಆಡುವುದನ್ನೇ ಬಿಟ್ಟಿದ್ದಾನೆ. "ಹುಲ್ಲಿನ ಧೂಳು ಅವನಿಗೆ ಆಗಿಬರಲ್ಲ" ಎಂಬುದು ನನ್ನ ತಮ್ಮನ ವೈದ್ಯಶಾಸ್ತ್ರ. ಡಾಕ್ಟರಿಗೆ ತೋರಿಸಿದರೆ ಮನೆಯ ಮಾನ ಹೋಗುತ್ತದಂತೆ.

ಮೊನ್ನೆಯ ಸರದಿ ಡಿಲನ್‌ನ ತಂಗಿ ಬ್ರಯರ್‌ಳದು. ಊರಿನ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ತುತ್ತೂರಿ ಊದುವ ಹುಡುಗಿ. ಗೋಡೆಯ ಗೆರೆ ಇನ್ನೂ ಮೇಲೇರುತ್ತದೆಂದು ಅವಳ ಆ ಉಸಿರಿನ ಮೇಲೆಯೇ ಅಪ್ಪನ ಕಣ್ಣು. ಕೇಕಿನ ಮೇಲೆ ಹದಿನೆಂಟು ಮೇಣದಬತ್ತಿ ಹಚ್ಚಿ, ಹೊಸ ಇ-ಸಿಗರೇಟು ಹಿಡಿದು, ಅದರ ಬುಡದ ಉಂಗುರ ತಿರುಗಿಸಿ ಪಾಠ ಶುರುಮಾಡಿದ.

"ನೋಡು ಮಗಳೇ, ಈ ಗಾಳಿಕಿಂಡಿ ಮುಚ್ಚಿದ್ರೆ ಹೊಗೆ ಕಮ್ಮಿ, ಬಿಸಿ ಬೇರೆ, ಗಂಟಲು ಕೆರೆಯುತ್ತೆ. ಪೂರ್ತಿ ಬಿಚ್ಚಿದ್ರೆ ಗಾಳಿ ನುಗ್ಗಿ ಹೊಗೆ ತಣ್ಣಗಾಗುತ್ತೆ, ಮೋಡದ ಹಾಗೆ ಬರುತ್ತೆ. ಗಂಟಲಿಗೆ ಗೊತ್ತೇ ಆಗಲ್ಲ. ಗೊತ್ತೇ ಆಗದ್ದು ಏನು ಕೆಡಿಸುತ್ತೆ?"

"ಗೊತ್ತಾಗಲ್ಲ ಅಂತಲೇ ಎದೆ ತುಂಬ ಎಳೀತೀರಲ್ಲೋ ದಡ್ಡ! ಕಿಂಡಿ ದೊಡ್ಡದಾದಷ್ಟೂ ಒಳಗೆ ಹೋಗೋದೂ ಜಾಸ್ತಿ" ಎಂದೆ.

"ಶುರುವಾಯ್ತು ನಿನ್ನ ಪುರಾಣ" ಎಂದಳು ನಮ್ಮಮ್ಮ ನೋಲೀನ್. "ನಿಮ್ಮಪ್ಪ ಪೈಪು ಸೇದ್ಕೊಂಡೇ ಎಂಬತ್ತೊಂದು ವರ್ಷ ಬದುಕಲಿಲ್ವೇನೇ?"

"ಕೊನೇ ಹತ್ತು ವರ್ಷ ಕೂತ್ಕೊಂಡೇ ನಿದ್ದೆ ಮಾಡಿದ್ರಮ್ಮ. ಮಲಗಿದ್ರೆ ಉಸಿರು ಕಟ್ಟೋದು. ಅದನ್ಯಾಕೆ ಹೇಳಲ್ಲ?"

ಬ್ರಯರ್ ಮುಂದೆ ಬಂದಳು.

"ಅಪ್ಪ, ಮೊದಲು ಅಣ್ಣ ನನ್ನ ಮೇಣದಬತ್ತಿ ಆರಿಸ್ಲಿ. ಆಮೇಲೆ ನನ್ನ ಮಾತು."

ಎಲ್ಲರೂ ನಕ್ಕರು. ಡಿಲನ್ ಕೂಡ ನಗುತ್ತಲೇ ಬಗ್ಗಿ ಊದಿದ. ನಾಲ್ಕು ಆರಿದವು. ಮತ್ತೆ ಊದಿದ. ಕೆಮ್ಮು ಒತ್ತರಿಸಿಕೊಂಡು ಬಂದು, ಮೇಜು ಹಿಡಿದು ಕುಸಿದು ಕೂತ. ತುಟಿ ನೀಲಿಗಟ್ಟಿತ್ತು.

ಆಗ ನನ್ನ ತಮ್ಮ ಹೇಳಿದ್ದೇನು ಗೊತ್ತೇ? "ಕೇಕನ್ನ ಸ್ವಲ್ಪ ಅವನ ಹತ್ತಿರ ಸರಿಸ್ರೋ!" ಛೀ, ಇವನೂ ಒಬ್ಬ ತಂದೆ!

"ನಂಗಿದು ಬೇಡಪ್ಪ" ಎಂದಳು ಬ್ರಯರ್. "ಇವತ್ತೂ ಬೇಡ, ಯಾವತ್ತೂ ಬೇಡ."

"ಮನೆತನದ ಪದ್ಧತಿ ಕಣೇ ಇದು!"

"ನನ್ನಿಂದ ನಿಂತುಹೋಯ್ತು ಅಂತ ಎಲ್ರಿಗೂ ಹೇಳಿ. ಏಳು ಅಣ್ಣ, ಆಸ್ಪತ್ರೆಗೆ ಹೋಗೋಣ. ಅತ್ತೆ, ಕಾರು ತೆಗೀರಿ."

"ಅವನಿಗೇನೂ ಆಗಿಲ್ಲ! ಡಿಲನ್, ನೀನೇ ಹೇಳೋ!" ಎಂದು ಗ್ಯಾವಿನ್ ಅಬ್ಬರಿಸಿದ.

ಹೇಳಲು ಡಿಲನ್‌ಗೆ ಉಸಿರಿರಲಿಲ್ಲ. ತಂಗಿಯ ಭುಜ ಹಿಡಿದು ಎದ್ದು ನಿಂತ.