ಉಯ್ಯಾಲೆಯ ನಟ್ಟು

ಗುರುವಾರ ಆಟದ ಬಿಡುವಿನಲ್ಲಿ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಉಯ್ಯಾಲೆಯಿಂದ ಬಿದ್ದಳು. ಪುಣ್ಯಕ್ಕೆ ಬಿದ್ದದ್ದು ಮರಳಿನ ಮೇಲೆ. ಮೊಣಕೈ ತರಚಿತು, ಅಷ್ಟೇ. ಅಳು ಮಾತ್ರ ಮೂರು ಬೀದಿಗೆ ಕೇಳುವಂತಿತ್ತು.

ಶಾಲೆಯ ರಿಪೇರಿ ಕೆಲಸ ನೋಡಿಕೊಳ್ಳುವವನನ್ನು ಮಕ್ಕಳು ಸ್ಪ್ಯಾನರ್ ತಾತ ಎಂದು ಕರೆಯುತ್ತಿದ್ದರು. ತಾತ ಓಡಿ ಬಂದು ನೋಡಿದರೆ, ಎರಡು ಉಯ್ಯಾಲೆಗಳಲ್ಲಿ ಒಂದರ ಕೂರುವ ಹಲಗೆ ಒಂದು ಕಡೆಯ ಸರಪಳಿಯಿಂದ ಕಳಚಿಕೊಂಡು ಜೋತಾಡುತ್ತಿತ್ತು. ಕಂಬದ ಬುಡದಲ್ಲಿ ಹಗ್ಗವೊಂದು ಬಿಚ್ಚಿ ಬಿದ್ದಿತ್ತು. ಬೋಲ್ಟು ಮರಳಿನಲ್ಲಿತ್ತು. ಅದರ ನಟ್ಟು ಇರಲಿಲ್ಲ. ಅಂಗೈಯಿಂದ ಮರಳು ಜಾಲಿಸಿ ಜಾಲಿಸಿ ಹುಡುಕಿದ. ಊಹೂಂ.

ಎರಡು ವಾರದಲ್ಲಿ ಇದು ಮೂರನೇ ನಟ್ಟು.

ಹೆಡ್‌ಮೇಡಂ ಕರೆಸಿದರು. ಮೇಜಿನ ಮೇಲೆ ಸುರಕ್ಷತಾ ಪುಸ್ತಕ ತೆರೆದೇ ಇತ್ತು. ಸೋಮವಾರದ ಪುಟ, ಕೆಳಗೆ ತಾತನ ಸಹಿ.

"ನೀವು ನೋಡಿ ಸಹಿ ಹಾಕ್ತೀರೋ, ಸಹಿ ಹಾಕಿ ಆಮೇಲೆ ನೋಡ್ತೀರೋ?"

"ಮೇಡಂ, ಸೋಮವಾರ ನಾನೇ ಬಿಗಿ ಮಾಡಿದ್ದೀನಿ. ನಟ್ಟು ಬೋಲ್ಟು ಎರಡರ ಮೇಲೂ ಸೇರಿಸಿ ಬಿಳಿ ಬಣ್ಣದ ಗೆರೆ ಎಳೆದಿದ್ದೀನಿ. ಕೂದಲೆಳೆಯಷ್ಟು ತಿರುಗಿದ್ರೂ ಗೆರೆ ತಪ್ಪುತ್ತೆ. ಅದು ತಾನಾಗಿ ಬಿದ್ದಿದ್ದಲ್ಲ. ಯಾರೋ ಬಿಚ್ಚಿದ್ದಾರೆ."

"ಯಾರು?"

"ಅದೇ ಗೊತ್ತಾಗ್ತಿಲ್ಲ ಮೇಡಂ" ಎಂದ ತಾತ.

"ಹುಡುಗಿ ತಾಯಿ ನಾಳೆ ಬರ್ತಾರೆ. ಅವರಿಗೆ ಈ ಸಹಿ ತೋರಿಸ್ಲಾ? ಸೋಮವಾರದೊಳಗೆ ಯಾರು ಅಂತ ಹೇಳಿ. ಇಲ್ದಿದ್ರೆ ರಿಪೇರಿ ಕೆಲಸ ಹೊರಗಿನವರಿಗೆ ಕೊಟ್ಬಿಡ್ತೀನಿ. ನನಗೂ ಸಾಕಾಗಿದೆ."

ಹತ್ತೊಂಬತ್ತು ವರ್ಷ ಈ ಶಾಲೆಯ ಬಾಗಿಲು, ಬೆಂಚು, ನಲ್ಲಿ ಎಲ್ಲವನ್ನೂ ತನ್ನ ಮನೆಯದೇ ಎಂಬಂತೆ ನೋಡಿಕೊಂಡವನು ತಾತ. ಹೊರಗೆ ಬಂದಾಗ ಅವನಿಗೆ ಎದುರಾದ ಪ್ರತಿ ಮುಖವೂ ನಟ್ಟು ಕದ್ದ ಮುಖದಂತೆಯೇ ಕಂಡಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುವುದು ಸುಳ್ಳಲ್ಲ.

ಮೊದಲು ಅನುಮಾನ ಬಂದದ್ದು ಪಿ.ಟಿ. ಮೇಷ್ಟ್ರ ಮೇಲೆ. ಉಯ್ಯಾಲೆ ಕಿತ್ತು ಆ ಜಾಗದಲ್ಲಿ ವಾಲಿಬಾಲ್ ಅಂಕಣ ಮಾಡಿಸಬೇಕೆಂದು ಅವರು ವರ್ಷದಿಂದ ಹೇಳುತ್ತಿದ್ದರು. ಉಯ್ಯಾಲೆ ಪದೇ ಪದೇ ಕೆಟ್ಟರೆ ಯಾರಿಗೆ ಲಾಭ? ನಟ್ಟಿನ ಅಳತೆ ಹೇಳಿ ತಾತ ಸುಮ್ಮನೆ ಮಾತಿಗೆಳೆದ.

"ಮೇಷ್ಟ್ರೇ, ನಿಮ್ಮ ಹತ್ರ ಹದಿಮೂರನೇ ನಂಬರ್ ಸ್ಪ್ಯಾನರ್ ಇದೆಯಾ?"

"ನನ್ನ ಹತ್ರ ಸೀಟಿ ಒಂದೇ ಇರೋದು. ಅದನ್ನ ಊದಕ್ಕೂ ಪುರುಸೊತ್ತಿಲ್ಲ. ಬಿಡುವು ಬಂದ್ರೆ ಸಾಕು, ಹಾಜರಾತಿ ಟೈಪ್ ಮಾಡು ಅಂತ ಕಂಪ್ಯೂಟರ್ ಮುಂದೆ ಕೂರಿಸ್ತಾರೆ. ಯಾಕೆ ತಾತ, ನನ್ನ ಮೇಲೆ ಅನುಮಾನವಾ?"

"ಛೇ ಛೇ" ಎಂದ ತಾತ, ಮನಸ್ಸಿನಲ್ಲಿ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಅಂದುಕೊಂಡ.

ಆಮೇಲೆ ಗೇಟಿನ ವಾಚ್‌ಮನ್. ಅವನ ಬಾಮೈದ ಕೆಲಸವಿಲ್ಲದೆ ಕೂತಿದ್ದಾನೆ, ವೆಲ್ಡಿಂಗ್ ಕಲಿತವನು ಬೇರೆ. ತಾತ ಹೋದರೆ ಆ ಜಾಗ ಖಾಲಿ. ಶುಕ್ರವಾರ ವಾಚ್‌ಮನ್ ಎಂದೂ ಇಲ್ಲದ್ದು, "ಬನ್ನಿ ತಾತ, ಟೀ ಕುಡೀರಿ" ಎಂದಾಗ ತಾತನ ಅನುಮಾನ ಇಮ್ಮಡಿಯಾಯಿತು. ಟೀ ಕುಡಿದ. ಕುಡಿಯುತ್ತಲೇ ವಾಚ್‌ಮನ್ನನ ಬೆರಳಲ್ಲಿ ಬಿಳಿ ಬಣ್ಣವೇನಾದರೂ ಇದೆಯೇ ಎಂದು ನೋಡಿದ. ಇರಲಿಲ್ಲ. ತೊಳೆದುಕೊಂಡಿರಬಹುದು.

ಲೋಟ ತೊಳೆಯಲು ಹೋದಾಗ ಆಯಾ ಸಿಕ್ಕಳು.

"ಆಯಮ್ಮ, ನಟ್ಟು ಹೋದಾಗಲೆಲ್ಲ ನೀನು ಹಲಗೆ ಕಟ್ಟಿ ಹಾಕಿದ್ದು ಒಳ್ಳೇದಾಯ್ತು. ಆದ್ರೆ ಗಟ್ಟಿಯಾಗಿ ಕಟ್ಟಬಾರದಿತ್ತಾ? ಆ ಹುಡುಗಿ ಬಿಚ್ಚಿಕೊಂಡು ಕೂತುಬಿಟ್ಟಳು."

ಆಯಾ ಕಣ್ಣು ಕಣ್ಣು ಬಿಟ್ಟಳು. "ನಾನಾ? ಹಗ್ಗ ಕಟ್ಟಿದ್ದು ನೀವಲ್ವಾ?"

"ನಾನ್ಯಾಕೆ ಕಟ್ಟಲಿ? ನಾನು ಮೊದಲೇ ಕಂಡಿದ್ರೆ ನಟ್ಟೇ ಹಾಕ್ತಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೂರು ಸಲವೂ ಹಲಗೆಯನ್ನು ಎತ್ತಿ ಕಂಬಕ್ಕೆ ಹಗ್ಗದಲ್ಲಿ ಯಾರೋ ಕಟ್ಟಿದ್ದರು. ಆಯಾ ಕಟ್ಟಿರಬೇಕೆಂದು ತಾತ, ತಾತ ಕಟ್ಟಿರಬೇಕೆಂದು ಆಯಾ ಸುಮ್ಮನಿದ್ದರು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಾ ಕೇಳಿಸಿಕೊಂಡಳು. ಅವಳಿಗೆ ಶಾಲೆಯ ಒಬ್ಬರ ಮುಖವೂ ಗೊತ್ತಿರಲಿಲ್ಲ. ಅದಕ್ಕೇ ಅವಳ ತಲೆ ತಿಳಿಯಾಗಿತ್ತು.

"ರೀ, ನಿಮ್ಮ ಕೆಲಸ ಕಳೀಬೇಕು ಅನ್ನೋನು ನಟ್ಟು ಬಿಚ್ಚಿ ಹಾಗೇ ಬಿಟ್ಟು ಹೋಗ್ತಾನೆ. ಮಗು ಕಾಲು ಮುರಿದ್ರೆ ಇನ್ನೂ ಒಳ್ಳೇದು ಅವನಿಗೆ. ಇವರ‍್ಯಾರೋ ಬಿಚ್ಚಿ, ಮಗು ಕೂರಬಾರದು ಅಂತ ಕಟ್ಟಿಯೂ ಹೋಗಿದ್ದಾರೆ. ಇದೆಂಥ ದ್ವೇಷ?"

"ಅದೇ ನನಗೂ ತಲೆಗೆ ಹತ್ತದೇ ಇರೋದು."

"ಆರು ವರ್ಷದ ಹುಡುಗಿ ಒಂದೇ ಎಳೆತಕ್ಕೆ ಬಿಚ್ಚಿದಳು ಅಂತೀರಿ. ಅದು ಗಂಟಲ್ಲ, ಜಡೆಗೆ ಟೇಪು ಕಟ್ಟೋ ಹೂಗಂಟು. ನಿಮ್ಮ ಮೇಷ್ಟ್ರು, ವಾಚ್‌ಮನ್ನು ಯಾವತ್ತಾದ್ರೂ ಜಡೆ ಹಾಕಿದ್ದಾರಾ?"

ತಾತ ಅನ್ನದ ತಟ್ಟೆಯ ಮುಂದೆ ಕೈ ಎತ್ತಿದವನು ಹಾಗೇ ಕೂತ.

"ಊಟ ಮಾಡಿ. ಯೋಚನೆ ತಣ್ಣಗಾಗಲ್ಲ, ಸಾರು ಆಗುತ್ತೆ."

ಸೋಮವಾರ ಗೇಟು ತೆರೆಯುವ ಹೊತ್ತಿಗೇ ತಾತ ಬಂದು ಸಾಮಾನಿನ ಕೋಣೆಯಲ್ಲಿ, ಮುರಿದ ಬೆಂಚುಗಳ ಹಿಂದೆ ಕಿಟಕಿಗೆ ಕಣ್ಣಿಟ್ಟು ಕೂತ. ಆಯಾ ಕಸ ಗುಡಿಸಿದಳು. ವಾಚ್‌ಮನ್ ಗಿಡಕ್ಕೆ ನೀರು ಹಾಕಿದ. ಇಬ್ಬರೂ ಉಯ್ಯಾಲೆಯ ಹತ್ತಿರ ಸುಳಿಯಲಿಲ್ಲ. ಎಂಟು ಗಂಟೆಗೆ ಒಂದನೇ ಕ್ಲಾಸಿನ ಟೀಚರ್ ಬಂದರು. ಬಂದವರೇ ಆ ಕಡೆ ಈ ಕಡೆ ನೋಡಿ, ಬ್ಯಾಗಿನಿಂದ ಹಗ್ಗ ತೆಗೆದರು.

ತಾತ ಬೆಂಚುಗಳ ಹಿಂದಿನಿಂದ ಎದ್ದ. ಈ ಹೆಂಗಸಿನ ಮೇಲೆ ಅವನಿಗೆ ಅನುಮಾನವೇ ಬಂದಿರಲಿಲ್ಲ. ದಿನವೂ ಐವತ್ತು ಮಕ್ಕಳ ಶೂ ದಾರ ಕಟ್ಟುವ ಕೈ ಅದು. ಆ ಕೈ ಈಗ ಎರಡೂ ಹಲಗೆಗಳನ್ನು ಎತ್ತಿ ಕಂಬಕ್ಕೆ ಬಿಗಿಯುತ್ತಿತ್ತು, ಗಂಟಿನ ಮೇಲೆ ಗಂಟು. ಪ್ರತಿ ಗಂಟನ್ನೂ ಜಗ್ಗಿ ಜಗ್ಗಿ ನೋಡುತ್ತಿತ್ತು.

ತಾತ ಸದ್ದಿಲ್ಲದೆ ಹಿಂದೆ ಹೋಗಿ ನಿಂತ. "ಇವತ್ತು ನಟ್ಟು ಬೇಡವಾ ಮೇಡಂ?"

ಹಗ್ಗ ಕೈಯಿಂದ ಜಾರಿತು. ಟೀಚರ್ ತಿರುಗಿದರು. ಸುಳ್ಳು ಹುಡುಕುವ ಮುಖವಲ್ಲ ಅದು, ನಿದ್ದೆಗೆಟ್ಟ ಮುಖ. ಬ್ಯಾಗಿನಿಂದ ಸೀಮೆಸುಣ್ಣದ ಡಬ್ಬಿ ತೆಗೆದು ಅವನ ಅಂಗೈಗೆ ಸುರಿದರು. ಮೂರು ನಟ್ಟು, ಮೂರರ ಮೇಲೂ ಬಿಳಿ ಗೆರೆ.

"ನಾನೇ ತಾತ. ನಮ್ಮೆಜಮಾನ್ರ ಬೈಕಿನ ಸ್ಪ್ಯಾನರಲ್ಲಿ ಬಿಚ್ಚಿದೆ."

"ನಾನೇನು ಮಾಡಿದ್ದೆ ನಿಮಗೆ?"

"ನೀವಾ? ನಿಮ್ಮ ಮೇಲೆ ನನಗೇನಿದೆ?" ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಬಿಡುವಲ್ಲಿ ಐವತ್ತೆರಡು ಮಕ್ಕಳು ಹೊರಗೆ ಬರ್ತಾರೆ. ನೋಡ್ಕೊಳ್ಳೋಕೆ ನಾನೊಬ್ಬಳು. ಜಾರುಬಂಡೆ ಹತ್ರ ನಿಂತ್ರೆ ಉಯ್ಯಾಲೆ ಕಾಣಲ್ಲ, ಉಯ್ಯಾಲೆ ಹತ್ರ ನಿಂತ್ರೆ ನಲ್ಲಿ ಕಾಣಲ್ಲ. ಹೋದ ವರ್ಷ ಒಬ್ಬನ ಮೂಗು ಒರೆಸ್ತಾ ಇದ್ದೆ, ಅಷ್ಟರಲ್ಲಿ ಇನ್ನೊಬ್ಬನ ಹುಬ್ಬಿಗೆ ಈ ಹಲಗೆ ಬಡಿದು ನಾಲ್ಕು ಹೊಲಿಗೆ. ಅವನ ರಕ್ತ ನನ್ನ ಸೆರಗಲ್ಲಿತ್ತು. ಮೂರು ಸಲ ಬರೆದುಕೊಟ್ಟೆ, ಇನ್ನೊಬ್ಬರನ್ನ ಹಾಕಿ ಅಂತ. ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರು."

"ಅದಕ್ಕೆ ಕಟ್ಟಿ ಹಾಕಿದ್ರೆ ಸಾಕಿತ್ತಲ್ಲ."

"ಕಟ್ಟಿದ್ದೆ. ಹೆಡ್‌ಮೇಡಂ ಬಿಚ್ಚಿಸಿದ್ರು. ಆಟದ ಸಾಮಾನು ಇಟ್ಟುಕೊಂಡು ಕಟ್ಟಿ ಹಾಕಿದ್ರೆ ಮಕ್ಕಳ ತಂದೆತಾಯಿ ಏನಂತಾರೆ, ಕೆಟ್ಟಿದ್ರೆ ಬೇರೆ ಮಾತು ಅಂದ್ರು. ಸರಿ, ಕೆಡಿಸೋಣ ಅಂತ..."

ತಾತನಿಗೆ ಸಿಟ್ಟು ನೆತ್ತಿಗೇರಿತು. "ನಟ್ಟಿಲ್ಲದ ಬೋಲ್ಟು ಅಂದ್ರೇನು ಗೊತ್ತಾ? ನೋಡೋಕೆ ಹಲಗೆ ನಿಂತಿರುತ್ತೆ. ಮಗು ಕೂತು ಎರಡು ಸಲ ತೂಗಿದ್ಮೇಲೇ ಜಾರೋದು, ಮೇಲೆ ಹೋದಾಗ. ಆ ಹುಡುಗಿ ಇನ್ನೂ ಜೋರಾಗಿ ತೂಗಿಲ್ದೇ ಇದ್ದದ್ದು ನಿಮ್ಮ ಅದೃಷ್ಟ. ನನ್ನ ಅದೃಷ್ಟ."

"ಗೊತ್ತು" ಎಂದರು ಟೀಚರ್. "ನಾಲ್ಕು ದಿನದಿಂದ ಕಣ್ಣು ಮುಚ್ಚಿದ್ರೆ ಅದೇ ಕಾಣೋದು. ನನ್ನದು ತಪ್ಪೇ. ಆದ್ರೆ ತಾತ, ಒಂದು ಕೇಳ್ತೀನಿ. ನೀವು ವಾರವಾರ ಸಹಿ ಹಾಕೋ ಪುಸ್ತಕದಲ್ಲಿ ಐದನೇ ಸಾಲು ಏನಿದೆ?"

ತಾತನಿಗೆ ನೆನಪಿರಲಿಲ್ಲ. ಮೊದಲ ನಾಲ್ಕು ಸಾಲು ನಟ್ಟು, ಸರಪಳಿ, ಮರಳು, ಜಾರುಬಂಡೆಯ ಅಂಚು. ಐದನೆಯದಕ್ಕೆ ಕೈ ತಾನಾಗಿ ಟಿಕ್ಕು ಹಾಕಿ ಕೆಳಗಿಳಿಯುತ್ತಿತ್ತು. ಸಾಮಾನಿನ ಕೋಣೆಗೆ ಹೋಗಿ ಕನ್ನಡಕ ಹಾಕಿಕೊಂಡು ಪುಸ್ತಕ ಬಿಡಿಸಿದ. 'ಆಟದ ವೇಳೆ ಅಂಗಳದಲ್ಲಿ ಇಬ್ಬರು ಸಿಬ್ಬಂದಿ ಹಾಜರಿದ್ದಾರೆ.' ಎದುರಿಗೆ ಟಿಕ್ಕು. ಹಿಂದಿನ ಪುಟದಲ್ಲಿ ಟಿಕ್ಕು. ಅದರ ಹಿಂದೆಯೂ. ಎಲ್ಲ ತನ್ನದೇ ಶಾಯಿ.

ನಾಲ್ಕು ದಿನದಿಂದ ಊರವರನ್ನೆಲ್ಲ ಅನುಮಾನಿಸಿದ್ದ ತಾತ. ತನ್ನ ಈ ಕೈಯನ್ನು ಮಾತ್ರ ಅನುಮಾನಿಸಿರಲಿಲ್ಲ.

ಹತ್ತು ಗಂಟೆಗೆ ಹೆಡ್‌ಮೇಡಂ ಮುಂದೆ ನಿಂತಾಗ ಟೀಚರ್ ಪಕ್ಕದಲ್ಲೇ ಇದ್ದರು. ಬರಬೇಡಿ ಎಂದು ತಾತ ಹೇಳಿದರೂ ಅವರು ಕೇಳಲಿಲ್ಲ. ನಟ್ಟುಗಳನ್ನು ಅವರೇ ಮೇಜಿನ ಮೇಲಿಟ್ಟರು, ಆದದ್ದನ್ನು ಅವರೇ ಹೇಳಿದರು. ಹೆಡ್‌ಮೇಡಂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು.

"ನೀವಿಬ್ರೂ ಮಾತಾಡ್ಕೊಂಡೇ ಬಂದಿದ್ದೀರಿ."

"ಹೌದು ಮೇಡಂ, ಮೆಟ್ಟಿಲು ಹತ್ತುವಾಗ" ಎಂದ ತಾತ. "ಇವರಿಗೆ ಏನು ಮೆಮೊ ಕೊಡ್ತೀರೋ ಕೊಡಿ. ನಂದೂ ಒಂದು ಬರ್ಕೊಳ್ಳಿ." ಪುಸ್ತಕ ತೆರೆದು, ಈ ವಾರದ ನಾಲ್ಕು ಸಾಲಿಗೆ ಟಿಕ್ಕು ಹಾಕಿ, ಐದನೆಯದಕ್ಕೆ ದಪ್ಪವಾಗಿ ಇಂಟು ಎಳೆದು ಸಹಿ ಹಾಕಿದ.

"ಅದು ನಿಮ್ಮ ಕೆಲಸ ಅಲ್ಲ."

"ಸಹಿ ನಂದಲ್ವಾ ಮೇಡಂ? ನಾನು ಕಾಣದ್ದಕ್ಕೆ ವರ್ಷಗಟ್ಟಲೆ ಹೂಂ ಅಂದಿದ್ದೀನಿ. ಆ ಹುಬ್ಬಿಗೆ ಹೊಲಿಗೆ ಬಿತ್ತಲ್ಲ, ಆ ವಾರವೂ ಅಂದಿದ್ದೀನಿ. ನಾಳೆ ಯಾವನಾದ್ರೂ ದೊಡ್ಡ ಆಫೀಸಿನಿಂದ ಬಂದು ಕೇಳಿದ್ರೆ, ಈ ಇಂಟು ಯಾಕೆ ಅಂತ ನಿಮ್ಮನ್ನ ಕೇಳಬೇಕು, ಆ ಟಿಕ್ಕು ಯಾಕೆ ಅಂತ ನನ್ನನ್ನ ಕೇಳಬಾರದು."

ಹೆಡ್‌ಮೇಡಂ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ತಮ್ಮ ಸಹಿಗೂ ಕೆಳಗೆ ಜಾಗ ಇದೆ ಎಂಬುದನ್ನು ಅವರೂ ಈಗ ತಾನೇ ಓದುತ್ತಿದ್ದಂತಿತ್ತು. ಟೀಚರ್‌ಗೆ ಮೆಮೊ ಖಂಡಿತ ಎಂದರು. ಟೀಚರ್ ತಲೆಯಾಡಿಸಿದರು. ಆಮೇಲೆ ಹೆಡ್‌ಮೇಡಂ ಗಂಟೆ ಒತ್ತಿ ಪಿ.ಟಿ. ಮೇಷ್ಟ್ರನ್ನು ಕರೆಸಿ, "ಇವತ್ತಿನಿಂದ ಬಿಡುವಲ್ಲಿ ಅಂಗಳದಲ್ಲಿರಿ, ಹಾಜರಾತಿ ಸಾಯಂಕಾಲ ನೋಡೋಣ" ಎಂದರು. ತಾತನ ಕೆಲಸದ ವಿಷಯ ಯಾರೂ ಎತ್ತಲಿಲ್ಲ. ಎತ್ತದೆ ಬಿಟ್ಟದ್ದು ಮರೆವಿನಿಂದಲೋ, ಬೇಕೆಂದೇ ಇನ್ನೊಂದು ದಿನಕ್ಕೆ ಇಟ್ಟುಕೊಂಡದ್ದೋ ಎಂದು ತಾತ ಮೆಟ್ಟಿಲಿಳಿಯುತ್ತಾ ಯೋಚಿಸಿದ.

ಬಿಡುವಿನ ಗಂಟೆ ಹೊಡೆಯುವ ಮೊದಲೇ ಎರಡೂ ಹಲಗೆ ಬಿಚ್ಚಿಕೊಂಡು ಬಂದು, ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತ. ಮಕ್ಕಳು ಜೇನುಹುಳದಂತೆ ಮುತ್ತಿಕೊಂಡರು.

"ತಾತಾ, ಹಾಕು ತಾತಾ!"

"ಇಬ್ಬರು ಬರಲಿ."

"ನಾವು ಐವತ್ತು ಜನ ಬಂದಿದ್ದೀವಲ್ಲ!"

"ನೀವು ಐವತ್ತಾಗಲಿ ಐನೂರಾಗಲಿ, ಲೆಕ್ಕಕ್ಕಿಲ್ಲ."

ಟೀಚರ್ ಜಾರುಬಂಡೆಯ ಹತ್ತಿರ ನಿಂತಿದ್ದರು. ಇನ್ನೊಬ್ಬರ ಸುಳಿವಿಲ್ಲ. ಐದು ನಿಮಿಷ ಕಳೆಯಿತು. ಏಳಾಯಿತು. ಆಗ ಪಿ.ಟಿ. ಮೇಷ್ಟ್ರು ಕೊರಳಲ್ಲಿ ಸೀಟಿ ಕುಣಿಸುತ್ತಾ ಓಡಿ ಬಂದು ನಲ್ಲಿಯ ಪಕ್ಕ ನಿಂತರು.

"ಬಂದೆ ಮಾರಾಯ! ಒಂದೇ ಒಂದು ಪುಟ ಟೈಪ್ ಮಾಡಿ ಹೋಗಿ ಅಂದ್ರು. ಹಾಕು ಇನ್ನು."

"ನಾಳೆಯೂ ಬರ್ತೀರಾ ಮೇಷ್ಟ್ರೇ?"

"ಬರ್ತೀನಿ ಅಂತ ಹೇಳಿದ್ನಲ್ಲ."

"ನಾಡಿದ್ದು?"

"ಏನು ತಾತ, ಕೋರ್ಟಾ ಇದು?"

ತಾತ ಹಲಗೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ. ಮಕ್ಕಳು ಒಂದೇ ದನಿಯಲ್ಲಿ "ಅಯ್ಯೋ" ಎಂದರು.

"ಶನಿವಾರದವರೆಗೆ ನೋಡ್ತೀನಿ" ಎಂದ ಅವನು, "ದಿನಾ ಗಂಟೆ ಹೊಡೆದಾಗ ನೀವಿಬ್ರೂ ಇಲ್ಲಿದ್ರೆ ಆಮೇಲೆ ಹಾಕ್ತೀನಿ." ಸಾಮಾನಿನ ಕೋಣೆಗೆ ಹೋಗಿ ಹಲಗೆಗಳನ್ನು ಬೆಂಚಿನ ಮೇಲಿಟ್ಟ. ಬಾಗಿಲಿಗೆ ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಮತ್ತೊಮ್ಮೆ ಜಗ್ಗಿ ನೋಡಿದ.